ಅಂಗಳದಲ್ಲಿ ಒಂದು ಜೀಗುಜ್ಜೆಗೆ ಮಣ್ಣು ಉಳಿಸಿ

ನಮ್ಮ ದಕ್ಷಿಣ ಕನ್ನಡದಲ್ಲಿ ಈಗ ಹೊಸ ಮನೆಯ ಒಕ್ಕಲಿಗೆ ಮುಂಚೆಯೇ ಅಂಗಳಕ್ಕೆ ಇಂಟರ್‌ಲಾಕ್ ಬಿದ್ದಿರುತ್ತದೆ. ಈ ಕಂಪೌಂಡಿನಿಂದ ಆ ಕಂಪೌಂಡಿನವರೆಗೆ ಗೇಣು ಮಣ್ಣು ಕಾಣುವುದಿಲ್ಲ. ಆಮೇಲೆ ಹಸಿರು ಬೇಕೆನಿಸಿ ನರ್ಸರಿಯಿಂದ ರಂಬುಟಾನ್, ಡ್ರ್ಯಾಗನ್ ಫ್ರೂಟ್ ತಂದು ಡ್ರಮ್ಮಿನಲ್ಲಿ ನೆಡುತ್ತಾರೆ. ಆ ಹಣ್ಣುಗಳ ಮೇಲೆ ನನಗೇನೂ ಕೋಪವಿಲ್ಲ. ರಂಬುಟಾನ್ ನಮ್ಮ ಮಳೆಗೂ ಸೆಕೆಗೂ ಚೆನ್ನಾಗಿಯೇ ಒಗ್ಗಿದೆ. ಆದರೆ ಮನೆಯ ಹತ್ತಿರ ಒಂದೇ ಒಂದು ಮರಕ್ಕೆ ಜಾಗವಿದ್ದರೆ ಅದು ಜೀಗುಜ್ಜೆಗೇ ಸಲ್ಲಬೇಕು, ಕೆಲವು ಕಡೆ ದೀವಿಹಲಸು ಎನ್ನುತ್ತಾರಲ್ಲ, ಅದಕ್ಕೆ.

ರಂಬುಟಾನ್ ಬಾಯಿಚಪಲಕ್ಕೆ. ಜೀಗುಜ್ಜೆ ಇದ್ದರೆ ಊಟಕ್ಕೇ ಆಯಿತು. ಕಡಲೆ ಹಾಕಿ ಸುಕ್ಕ ಮಾಡಿ, ಬೆಳ್ಳುಳ್ಳಿ ಒಗ್ಗರಣೆಯ ಬೋಳುಹುಳಿ ಮಾಡಿ, ತೆಳ್ಳಗೆ ಹೆಚ್ಚಿ ಉಪ್ಪು ಖಾರ ಸವರಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ. ಸಂಜೆ ಮಳೆ ಹೊಯ್ಯುವಾಗ ಪೋಡಿ ಕರಿದರಂತೂ ಮಕ್ಕಳು ಒಲೆ ಬಿಟ್ಟು ಏಳುವುದಿಲ್ಲ. ಮಳೆಗಾಲದಲ್ಲಿ ಸಂತೆಯ ತರಕಾರಿ ಕೊಳೆತು ದುಬಾರಿಯಾಗುವ ಹೊತ್ತಿಗೆ ಹಿತ್ತಿಲಲ್ಲಿ ಕಾಯಿ ತೂಗುತ್ತಿರುತ್ತದೆ. ಒಂದೊಂದು ಕಾಯಿ ಒಂದೆರಡು ಕಿಲೋ ತೂಗುವುದರಿಂದ ಅರ್ಧ ನಮಗೆ, ಅರ್ಧ ಪಕ್ಕದ ಮನೆಗೆ.

ಇದು ಹೊಟ್ಟೆ ತುಂಬಿಸುವ ಮರವೆಂದು ಪೆಸಿಫಿಕ್ ದ್ವೀಪಗಳ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದನ್ನು ಕೇಳಿಯೇ ಬ್ರಿಟಿಷರು 1787ರಲ್ಲಿ ಬೌಂಟಿ ಎಂಬ ಹಡಗನ್ನು ಟಹೀಟಿಗೆ ಕಳುಹಿಸಿದರು. ವೆಸ್ಟ್ ಇಂಡೀಸಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಹೊಟ್ಟೆಗೆ ಅಗ್ಗದಲ್ಲಿ ಏನಾದರೂ ಸಿಗಲಿ ಎಂಬುದು ಅವರ ಲೆಕ್ಕ. 1789ರಲ್ಲಿ ನಾವಿಕರು ದಂಗೆಯೆದ್ದು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಕ್ಯಾಪ್ಟನ್ ವಿಲಿಯಂ ಬ್ಲೈ ಪಟ್ಟು ಬಿಡದೆ ಇನ್ನೊಮ್ಮೆ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ಸಸಿ ತಲುಪಿಸಿದ. ತೋಟದ ಒಡೆಯರ ಆ ಲೆಕ್ಕಾಚಾರ ಹೇಸಿಗೆ ಹುಟ್ಟಿಸುವಂಥದು. ಮರದ ಬಗ್ಗೆ ಅವರ ಅಂದಾಜು ಮಾತ್ರ ತಪ್ಪಿರಲಿಲ್ಲ.

ನಮ್ಮ ಊರಿನ ಜೀಗುಜ್ಜೆಯಲ್ಲಿ ಬೀಜವಿರುವುದಿಲ್ಲ. ಸಸಿಯನ್ನು ಹೆಚ್ಚಾಗಿ ಬೇರಿನಿಂದಲೇ ಎಬ್ಬಿಸುತ್ತಾರೆ. ನಮ್ಮ ಹಿತ್ತಿಲಿನ ಮರ ನನ್ನ ಅತ್ತೆಯ ತವರಿನದು, ಅವರೇ ಬೇರು ತಂದು ನೆಟ್ಟದ್ದು. ಸಸಿ ಎಬ್ಬಿಸುವುದನ್ನು ನಾನು ಕಲಿತದ್ದೂ ಅವರಿಂದಲೇ. ಮಳೆ ಹಿಡಿಯುವಾಗ ಬುಡದಿಂದ ಸ್ವಲ್ಪ ದೂರದಲ್ಲಿ ಮಣ್ಣನ್ನು ಬೆರಳಲ್ಲೇ ಸರಿಸಿ, ಹೆಬ್ಬೆರಳು ದಪ್ಪದ ಬೇರು ಹುಡುಕಿ, ಅದರ ಬೆನ್ನಿಗೆ ಕತ್ತಿಯ ಮೊನೆಯಿಂದ ಸಣ್ಣ ಗಾಯ ಮಾಡಿ ಮತ್ತೆ ಮಣ್ಣು ಮುಚ್ಚುತ್ತಿದ್ದರು. ಬಿಳಿ ಮೇಣ ಒಸರಿದ ಆ ಜಾಗದಲ್ಲೇ ಕೆಲವು ತಿಂಗಳಲ್ಲಿ ಮೊಳಕೆ ಏಳುತ್ತದೆ. ಮೊಳದುದ್ದ ಬೆಳೆದ ಮೇಲೆ ತಾಯಿಬೇರಿನ ಸಂಬಂಧ ಕಡಿಯಬೇಕು. ಕಡಿದ ಕೂಡಲೇ ಕೀಳಬಾರದು, ಸ್ವಂತ ಬೇರು ಬಿಡಲು ಕೆಲವು ವಾರ ಬಿಟ್ಟು, ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಹೀಗೆ ಒಂದು ಮನೆಯ ಮರ ಮಗಳ ಮನೆಗೆ, ನೆರೆಮನೆಗೆ, ಕೆಲಸಕ್ಕೆ ಬರುವವರ ಮನೆಗೆ ಹೋಗುತ್ತಿತ್ತು. ಅಂಗಳಕ್ಕೆಲ್ಲ ಸಿಮೆಂಟು ಬಡಿದರೆ ಮೊಳಕೆ ಏಳುವುದಾದರೂ ಎಲ್ಲಿ? ಇಂಟರ್‌ಲಾಕ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಮರ ಬೇಡವೆನ್ನುವವರ ಮಾತಿನಲ್ಲೂ ನಿಜವಿದೆ. ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಹಾಗಾಗಿ ಮನೆಯಿಂದ, ಕರೆಂಟ್ ತಂತಿಯಿಂದ 20 ಅಡಿಯಾದರೂ ದೂರವಿರಲಿ. ಕಾಯಿ ಮುಗಿದ ಮೇಲೆ ತಲೆ ಕಡಿದರೆ ಮರ ಅಡ್ಡಕ್ಕೆ ಹರಡುತ್ತದೆ, ದೋಟಿಗೆ ಎಟಕುತ್ತದೆ, ಕೊಯ್ಯಲು ಜನ ಸಿಗುವುದಿಲ್ಲವೆಂಬ ಚಿಂತೆಯೂ ಇಲ್ಲ. ದೋಟಿಯ ತುದಿಗೆ ಬಲೆ ಕಟ್ಟಿಕೊಳ್ಳಿ, ನೆಲಕ್ಕೆ ಬಿದ್ದು ಜಜ್ಜಿದ ಕಾಯಿ ಬೇಗ ಮೆತ್ತಗಾಗುತ್ತದೆ. ಎಳೆಯ ಕಾಯಿಯ ಸಿಪ್ಪೆ ಕಡುಹಸಿರು, ಗುಳ್ಳೆಗಳು ಚೂಪು. ಗುಳ್ಳೆ ಚಪ್ಪಟೆಯಾಗಿ, ಹಸಿರಿಗೆ ಹಳದಿ ಬೆರೆತು, ಅಲ್ಲಲ್ಲಿ ಮೇಣ ಒಸರಿ ಕಂದು ಕಲೆಯಾಗಿದ್ದರೆ ಬಲಿತಿದೆ ಎಂದರ್ಥ. ಇನ್ನು, 'ನಮ್ಮ ಮರದ ಕಾಯಿಯೆಲ್ಲ ಉದುರುತ್ತದೆ' ಎಂದು ಕೊಡಲಿ ಹಿಡಿಯುವವರು ಬಿದ್ದದ್ದನ್ನು ಒಮ್ಮೆ ಎತ್ತಿ ನೋಡಲಿ. ಬೆರಳಿನಂತೆ ಉದ್ದಕ್ಕಿದ್ದು ಮೆತ್ತಗಿದ್ದರೆ ಅದು ಗಂಡು ಹೂ, ಉದುರಲೇಬೇಕಾದದ್ದು. ನಿಜವಾದ ಮಿಡಿಯೇ ಉದುರುತ್ತಿದ್ದರೆ ಬೇಸಗೆಯಲ್ಲಿ ಬುಡಕ್ಕೆ ನೀರು ಸಾಲುತ್ತಿದೆಯೇ ಎಂದು ಮೊದಲು ನೋಡಬೇಕು.

ನಾನು ಕಂಡಂತೆ ಹೆಚ್ಚಿನ ಮರಗಳಿಗೆ ಕೊಡಲಿ ಬೀಳುವುದು ರೋಗದಿಂದಲ್ಲ, ಎಲೆಯಿಂದ. ಮೊರದಗಲದ ಎಲೆ ಪಕ್ಕದವರ ಅಂಗಳಕ್ಕೆ ಬೀಳುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ, ಮರ ಹೋಗುತ್ತದೆ. ನಮ್ಮ ರಸ್ತೆಯಲ್ಲೇ ಹೀಗೆ ಒಳ್ಳೆಯ ಮರವೊಂದು ಹೋಯಿತು, ನನಗೆ ಇವತ್ತಿಗೂ ಸಂಕಟ. ಹಿಂದೆ ಅದೇ ತರಗೆಲೆಯನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು. ಎಲೆ ಕಸವಾದದ್ದು ಅಂಗಳಕ್ಕೆ ಸಿಮೆಂಟು ಬಂದ ಮೇಲೆ.

ಐದು ಸೆಂಟ್ಸಿನ ಸೈಟಿನಲ್ಲೂ ಒಂದು ಮೂಲೆಯ ಮಣ್ಣನ್ನು ಹಾಗೇ ಬಿಡಬಹುದು. ಕಟ್ಟಡದ ಪರವಾನಗಿ ಕೊಡುವ ಪಂಚಾಯಿತಿ, ಪುರಸಭೆಗಳು ಅಷ್ಟು ಮಣ್ಣನ್ನು ಕಡ್ಡಾಯ ಮಾಡಬೇಕು, ಮಳೆನೀರು ಇಂಗಲಿಕ್ಕೂ ಅದು ಬೇಕು. ಸಸಿಗೆ ನರ್ಸರಿಗೆ ಓಡುವ ಮೊದಲು ಊರಿನಲ್ಲಿ ಯಾರ ಮನೆಯ ಕಾಯಿ ಚೆನ್ನಾಗಿ ಬೇಯುತ್ತದೆ ಎಂದು ವಿಚಾರಿಸಿ, ಅವರಲ್ಲೇ ಒಂದು ಬೇರಿನ ಗಿಡ ಕೇಳಿ. ನೀರು ನಿಲ್ಲದ ಜಾಗದಲ್ಲಿ ಮೂರಡಿ ಹೊಂಡ ತೋಡಿ, ಸುಡುಮಣ್ಣು ಹಟ್ಟಿಗೊಬ್ಬರ ತುಂಬಿ ನೆಡಿ. ಮೊದಲ ಬೇಸಗೆಗೆ ತೆಂಗಿನ ಮಡಲಿನ ನೆರಳು ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿ. ನಾಲ್ಕೈದು ವರ್ಷಕ್ಕೆ ಕಾಯಿ ಬಿಡುತ್ತದೆ. ಮೊದಲ ಕೊಯ್ಲಿನದನ್ನು ಎಲೆಯ ಬಗ್ಗೆ ಗೊಣಗಬಹುದಾದ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ.