ವೇಗಕ್ಕೊಂದು ಬಯಲು

ಎರಡು ಗಾಡಿಗಳು ಒಂದೇ ದಾರಿಯಲ್ಲಿ ಹೊರಟವೆಂದರೆ, ಹಿಂದಿನವನಿಗೆ ಮುಂದಿನವನನ್ನು ದಾಟಿಹೋಗಬೇಕೆಂಬ ಬಯಕೆ ಹುಟ್ಟುವುದು ಸಹಜ. ಆ ಗಾಡಿಗೆ ಎತ್ತು ಕಟ್ಟಿದೆಯೋ ಎಂಜಿನ್ನು ಜೋಡಿಸಿದೆಯೋ ಎಂಬುದು ಆಮೇಲಿನ ಮಾತು. ಹಳ್ಳಿಯ ಹಿರಿಯರು ಈ ಬಯಕೆಯನ್ನು ಅಲ್ಲಗಳೆಯಲಿಲ್ಲ; ಅದಕ್ಕೆಂದು ಒಂದು ದಿನವನ್ನೂ ಒಂದು ಬಯಲನ್ನೂ ಗೊತ್ತುಮಾಡಿದರು. ಜಾತ್ರೆಯ ಗಾಡಿ ಓಟ ಊರವರೆಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಮೋಟಾರು ಬಂದ ಮೇಲೆ ಈ ಬಯಲಿನ ಪ್ರಶ್ನೆ ಹೊಸದಾಗಿ ತಲೆಯೆತ್ತಿತು.

ಯುರೋಪು ಅದಕ್ಕೆ ದುಬಾರಿಯಾದ ಬೆಲೆಯನ್ನು ತೆತ್ತು ಉತ್ತರ ಕಂಡುಕೊಂಡಿತು. 1903ರ ಮೇ ತಿಂಗಳಿನಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಪಂದ್ಯ ಸಾರ್ವಜನಿಕ ರಸ್ತೆಯಲ್ಲಿಯೇ ನಡೆಯಿತು. ಧೂಳು ಕವಿದ ದಾರಿ, ಎರಡು ಬದಿಗೂ ನೆರೆದ ಜನ. ಮೊದಲ ದಿನವೇ ಚಾಲಕರೂ ಪ್ರೇಕ್ಷಕರೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ರೆನೋ ಕಾರಿನ ಸಂಸ್ಥೆಯನ್ನು ಕಟ್ಟಿದ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಅಂದಿನ ಅಪಘಾತದಲ್ಲಿಯೇ ಮಡಿದನು. ಫ್ರೆಂಚ್ ಸರ್ಕಾರ ಪಂದ್ಯವನ್ನು ಬೋರ್ಡೋ ನಗರದಲ್ಲಿ ನಿಲ್ಲಿಸಿತು. ಗಾಳಿಯ ವೇಗದಲ್ಲಿ ಬಂದ ವಾಹನಗಳನ್ನು ಕುದುರೆಗಳು ರೈಲುನಿಲ್ದಾಣಕ್ಕೆ ಎಳೆದೊಯ್ದವು. ನಾಲ್ಕು ವರ್ಷಗಳ ತರುವಾಯ, 1907ರಲ್ಲಿ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೋಟಾರು ಓಟಕ್ಕೆಂದೇ ಕಟ್ಟಿದ ಪಥ ತೆರೆಯಿತು. ಓಟ ರಸ್ತೆಯನ್ನು ಬಿಟ್ಟು ಆವರಣದೊಳಕ್ಕೆ ಬಂದುದು ಹೀಗೆ.

ಭಾರತಕ್ಕೆ ಅಂತಹ ಆವರಣವನ್ನು ಒದಗಿಸಿದ್ದು ಎರಡನೆಯ ಮಹಾಯುದ್ಧ. ಮದರಾಸಿನ ಉತ್ತರಕ್ಕೆ, ಕಲ್ಕತ್ತದ ಹೆದ್ದಾರಿಯ ಕಡೆಯಲ್ಲಿರುವ ಶೋಲಾವರಮ್ ಎಂಬಲ್ಲಿ ಯುದ್ಧಕಾಲದ ವಿಮಾನದಾಣವೊಂದು ಇದ್ದಿತು. ಯುದ್ಧ ಮುಗಿಯಿತು, ವಿಮಾನಗಳು ಹೋದವು, ಅಗಲವಾದ ನೆಲ ಮಾತ್ರ ಉಳಿಯಿತು. 1953ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಈ ನೆಲವನ್ನೇ ತನ್ನ ಪಂದ್ಯಗಳ ರಂಗವನ್ನಾಗಿ ಮಾಡಿಕೊಂಡಿತು. ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಶೋಲಾವರಮ್ ಎಂಬ ಹೆಸರೇ ದಕ್ಷಿಣದಲ್ಲಿ ಮೋಟಾರು ಓಟದ ಪರ್ಯಾಯಪದವಾಯಿತು.

ಅಲ್ಲಿಗೆ ಬರುತ್ತಿದ್ದವರು ಸಿರಿವಂತರಷ್ಟೇ ಎಂದು ಭಾವಿಸಬೇಕಾಗಿಲ್ಲ. ವಿದೇಶೀ ಕಾರುಗಳ ಆಮದಿಗೆ ಬಿಗಿಯಾದ ನಿರ್ಬಂಧವಿದ್ದ ಕಾಲ ಅದು. ಆದುದರಿಂದ ಮನೆಮಂದಿ ಮದುವೆ ಮುಂಜಿಗಳಿಗೆ ಹೋಗುವ ಫಿಯಟ್, ಹೆರಾಲ್ಡ್ ಕಾರುಗಳ ಎಂಜಿನ್ನುಗಳೇ ಕುಶಲ ಮೆಕ್ಯಾನಿಕ್ಕುಗಳ ಕೈಯಲ್ಲಿ ಪಳಗಿ ಪಂದ್ಯಕ್ಕಿಳಿಯುತ್ತಿದ್ದವು. ಮೋಟಾರ್ ಸೈಕಲ್ಲುಗಳ ವಿಭಾಗದಲ್ಲಿ ಕನ್ನಡನಾಡಿನ ಪಾಲೂ ಇದ್ದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಮೈಸೂರಿನ ಬೀದಿಗಳಲ್ಲಿ ಗುಮಾಸ್ತರನ್ನೂ ಉಪಾಧ್ಯಾಯರನ್ನೂ ಹೊತ್ತು ತಿರುಗಿದ ಆ ಗಾಡಿಗಳ ಒಡಹುಟ್ಟಿದವು ಶೋಲಾವರಮ್ಮಿನಲ್ಲಿ ಮದರಾಸಿನ ಎನ್‌ಫೀಲ್ಡುಗಳೊಡನೆ ಸೆಣಸಿದವು.

ಇದೇ ಬಗೆಯ ಇನ್ನೊಂದು ವಿಮಾನದಾಣದ ಕಥೆಯನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಸಹ ಯುದ್ಧಕಾಲದಲ್ಲಿ ಬಾಂಬರು ವಿಮಾನಗಳ ನೆಲೆಯಾಗಿತ್ತು. 1948ರಲ್ಲಿ ಅಲ್ಲಿ ಮೊದಲ ದೊಡ್ಡ ಪಂದ್ಯ ನಡೆಯಿತು. 1950ರ ಮೇ 13ರಂದು ಫಾರ್ಮುಲಾ ಒಂದರ ವಿಶ್ವ ಚಾಂಪಿಯನ್‌ಷಿಪ್ಪಿನ ಮೊಟ್ಟಮೊದಲ ಓಟಕ್ಕೆ ಅದೇ ರಂಗವಾಯಿತು. ಚಾಲಕರ ಸಂಘ ಆ ನೆಲವನ್ನು ಮೊದಲು ಗುತ್ತಿಗೆಗೆ ಪಡೆದು, 1971ರಲ್ಲಿ ಸ್ವಂತಕ್ಕೆ ಕೊಂಡಿತು. ಸಿಲ್ವರ್‌ಸ್ಟೋನಿನಲ್ಲಿ ಇಂದಿಗೂ ಓಟ ನಡೆಯುತ್ತಿದೆ. ಶೋಲಾವರಮ್ಮಿನ ನೆಲವಾದರೋ ಕ್ಲಬ್ಬಿನ ಸ್ವಂತದ್ದಲ್ಲ. ಪರರ ಜಾಗದಲ್ಲಿ ಸಂಸಾರ ಹೂಡಿದವನು ಗೋಡೆಗೆ ಮೊಳೆ ಹೊಡೆಯುವುದಕ್ಕೂ ಹಿಂಜರಿಯುವಂತೆ, ಶಾಶ್ವತವಾದ ಏರ್ಪಾಟುಗಳನ್ನು ಅಲ್ಲಿ ಮಾಡುವುದು ಕಷ್ಟವಾಯಿತು. ವಾಹನಗಳ ವೇಗ ಏರುತ್ತ ಹೋದಂತೆ ರಕ್ಷಣೆಯ ಅಗತ್ಯವೂ ಏರಿತು. ಕಡೆಗೆ ಕ್ಲಬ್ಬು ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ತನ್ನದೇ ಪಥವನ್ನು ಕಟ್ಟಿತು. 1990ರಲ್ಲಿ ತೆರೆದ ಈ ಪಥದ ಪೂರ್ಣ ಸುತ್ತು 3.7 ಕಿಲೋಮೀಟರು. ಶೋಲಾವರಮ್ಮಿನ ಗದ್ದಲ ಅಡಗಿತು.

ಅಡಗಿದ್ದು ಗದ್ದಲ ಮಾತ್ರ. ಅಲ್ಲಿ ಬಿತ್ತಿದ ಬೀಜ ಬೇರೆಡೆ ಮೊಳೆಯಿತು. ಕ್ಲಬ್ಬಿನ ಸ್ಥಾಪಕರಲ್ಲಿ ಒಬ್ಬರಾದ ಇಂದು ಚಂಧೋಕ್ ಅವರ ಮೊಮ್ಮಗ ಕರುಣ್ ಚಂಧೋಕ್ 2010ರಲ್ಲಿ ಫಾರ್ಮುಲಾ ಒಂದರಲ್ಲಿ ಕಾರು ಓಡಿಸಿದರು. ಅವರಿಗಿಂತ ಐದು ವರ್ಷ ಮೊದಲೇ, 2005ರಲ್ಲಿ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಆ ಮಟ್ಟಕ್ಕೇರಿದ ಮೊದಲ ಭಾರತೀಯರೆನಿಸಿದ್ದರು. ಅದೇ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಕಾರಿನ ಪುಟ್ಟ ಎಂಜಿನ್ನನ್ನು ಬಳಸಿ, ತರುಣರ ಕೈಗೆಟಕುವಂತಹ ಪಂದ್ಯದ ಕಾರನ್ನು ರೂಪಿಸಿದರು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಅವರ ಹೆಸರನ್ನು ಆ ಊರಿನ ಓಟದ ಪಥ ಹೊತ್ತಿದೆ. ಆ ಪಥದ ಸುತ್ತು ಎರಡು ಕಿಲೋಮೀಟರಿಗಿಂತ ತುಸುವೇ ಹೆಚ್ಚು. ಇದಕ್ಕಿಂತಲೂ ಚಿಕ್ಕವು ಕಾರ್ಟ್ ಎಂಬ ಪುಟಾಣಿ ವಾಹನಗಳ ಪಥಗಳು. ಮಕ್ಕಳು ಬ್ರೇಕು ಒತ್ತುವ ಹದವನ್ನೂ, ತಿರುವಿನಲ್ಲಿ ಸಂಯಮವನ್ನೂ ಮೊದಲು ಕಲಿಯುವುದು ಅಲ್ಲಿಯೇ. ಕಾರ್ಟಿನಿಂದ ಆರಂಭಿಸಿದ ಬೆಂಗಳೂರಿನ ಕುಶ್ ಮೈನಿ 2025ರ ಮೇ 24ರಂದು ಮೊನಾಕೊದಲ್ಲಿ ಫಾರ್ಮುಲಾ ಎರಡರ ಓಟವೊಂದನ್ನು ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯರು ಅವರು.

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂತಹ ಊರಿಗೂ ಈ ಚರಿತ್ರೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ರಸ್ತೆಯದು. ಇರುಂಗಾಟ್ಟುಕೋಟ್ಟೈಯ ಪಥವಿರುವುದು ಚೆನ್ನೈ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ. ಹಿಂದೆ 4ನೆಯದಾಗಿದ್ದು ಈಗ 48ನೆಯ ಸಂಖ್ಯೆ ಹೊತ್ತಿರುವ ಅದೇ ಹೆದ್ದಾರಿ ಬೆಂಗಳೂರನ್ನು ದಾಟಿ ತುಮಕೂರು, ಸಿರಾಗಳ ಮೂಲಕ ಸಾಗುತ್ತದೆ. ಒಂದೇ ದಾರಿ, ಅಲ್ಲಿ ಅದರ ಪಕ್ಕದಲ್ಲೊಂದು ಬೇಲಿ ಹಾಕಿದ ಆವರಣವುಂಟು, ಶಿರಸ್ತ್ರಾಣ ತೊಟ್ಟವನಿಗೆ ಮಾತ್ರ ಒಳಗೆ ಪ್ರವೇಶ, ಅಂಚಿನಲ್ಲಿ ವೈದ್ಯರೂ ಆಂಬುಲೆನ್ಸೂ ಸಿದ್ಧ. ಆ ಅನುಕೂಲವಿಲ್ಲದ ಕಡೆ, ರಾತ್ರಿ ಹೆದ್ದಾರಿಯಲ್ಲಿ ಬೈಕುಗಳನ್ನು ಪಂದ್ಯಕ್ಕೆ ಬಿಡುವ ತರುಣನಿಗೆ ಎದುರು ಬರುವ ಲಾರಿಯೇ ತೀರ್ಪುಗಾರ.

ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಮು, ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದಂಡ ಬೇಕಾದುದೇ. ಆದರೆ ಜಾತ್ರೆಯ ಬಯಲನ್ನು ಗೊತ್ತುಮಾಡಿದ ಹಿರಿಯರು ದಂಡವೊಂದನ್ನೇ ನೆಚ್ಚಿ ಕೂರಲಿಲ್ಲ. ಹರೆಯದ ವೇಗಕ್ಕೆ ಊರು ಒಂದು ಎಡೆಯನ್ನು ತೋರದಿದ್ದರೆ ಅದು ತಾನೇ ಎಡೆಯನ್ನು ಹುಡುಕಿಕೊಳ್ಳುತ್ತದೆ. ಹಾಗೆ ಅದು ಕಂಡುಕೊಳ್ಳುವ ಎಡೆ, ಬೆಳಿಗ್ಗೆ ಶಾಲೆಯ ಮಕ್ಕಳು ದಾಟಬೇಕಾದ ರಸ್ತೆಯೇ ಆಗಿರುತ್ತದೆ.