ಮೃಗಯೆಯ ಒಂದು ದಿನ

ಸಂಸ್ಕೃತದಲ್ಲಿ ‘ಮೃಗ್’ ಧಾತುವಿಗೆ ಅರಸುವುದೆಂದು ಅರ್ಥ. ಅಮೆರಿಕದ ವಯೋಮಿಂಗ್ ಸಂಸ್ಥಾನದ ಹಿಮಗಿರಿಗಳಲ್ಲಿ ಎಲ್ಕ್ ಎಂಬ ಹಿರಿಯ ಜಿಂಕೆಯನ್ನು ಬೇಟೆಯಾಡುವವನ ದಿನವೆಲ್ಲ ಅರಸುವುದರಲ್ಲಿಯೇ ಕಳೆಯುವುದು. ಇದು ನಮ್ಮ ಕಡವೆಯ ದಾಯಾದಿ. ಗಂಡು ಸುಮಾರು 300 ಕಿಲೋಗ್ರಾಂ ತೂಗುವುದು. ಚಳಿಗಾಲದಲ್ಲಿ ಮೇವಿಲ್ಲದೆ ಸಾಯುತ್ತಿದ್ದ ಈ ಮೃಗಗಳಿಗಾಗಿ 1912ರಲ್ಲಿ ಅಲ್ಲಿಯ ಜ್ಯಾಕ್ಸನ್ ಊರಿನ ಬಳಿ ರಕ್ಷಣಾವನವೊಂದು ಸ್ಥಾಪಿತವಾಯಿತು.

ಎಲ್ಕಿನ ಘ್ರಾಣಶಕ್ತಿ ಅತಿ ತೀಕ್ಷ್ಣ. ಮುಂಜಾವದ ತಣ್ಗಾಳಿ ಬೆಟ್ಟದಿಂದ ಕಣಿವೆಗೆ ಇಳಿಯುವುದು. ಬಿಸಿಲೇರಿದ ಮೇಲೆ ಕಣಿವೆಯಿಂದ ಮೇಲಕ್ಕೇರುವುದು. ಆದುದರಿಂದ ಬೇಟೆಗಾರನು ಬೆಳಿಗ್ಗೆ ಕೆಳಗಿನಿಂದ ಹತ್ತಬೇಕು. ಹಗಲು ಮೇಲಿನಿಂದ ಇಳಿಯಬೇಕು.

ಸಂಜೆಗೆ ಮೃಗವು ಎದುರು ನಿಂತಿತೆನ್ನಿ. ಇಷ್ಟು ಮಾಂಸವನ್ನು ಹಿಮದಲ್ಲಿ ಹೊತ್ತು ತರಬಲ್ಲೆನೇ ಎಂದು ಮೊದಲು ಯೋಚಿಸಬೇಕು. ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿ ಕೊಳೆಯಬಿಡುವುದು ಅಲ್ಲಿ ಅಪರಾಧ. ಹೊರಲಾರದವನು ಕೋವಿಯನ್ನಿಳಿಸಿ ಬರಿಗೈಯಲ್ಲಿ ಹಿಂದಿರುಗುವುದೇ ಧರ್ಮ.