ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲಂತ!

“ಕಂಪ್ಯೂಟರಿಗೆ ಕನ್ನಡ ಬರಂಗಿಲ್ರೀ ಅಕ್ಕಾರ, ಹೆಸರು ಇಂಗ್ಲಿಷಿನ್ಯಾಗ ಬರೀರಿ.” ಈ ಮಾತು ಕೇಳಿ ಕೇಳಿ ಸಾಕಾಗೇದ. ಇದು ಸುಳ್ಳು ಮಾತು.

ಮೊನ್ನೆ ನಮ್ಮ ಸಂಘದ ಸಾಲದ ಯಾದಿ ಛಾಪಾ ಆಗಿ ಬಂತು. ಗಂಗವ್ವನ ಹೆಸರಿನ ಜಾಗಾದಾಗ ಆರು ಪ್ರಶ್ನಾರ್ಥಕ ಚಿಹ್ನೆ. ನೀಲವ್ವಂದೂ ಆರು. ‘ಗಂಗವ್ವ’ ಅಂತ ಹುಡುಕಿದ್ರ ಇಬ್ಬರೂ ಬರ್ತಾರ! ಹಂಗಾರ ಯಾರ ಕಂತು ಯಾರ ಲೆಕ್ಕಕ್ಕ ಬಿತ್ತು?

ಹಿಂಗ್ಯಾಕ ಆತು ಕೇಳ್ರಿ. ಗ, ಸೊನ್ನಿ, ಗ, ವ, ಅರ್ಧಾಕ್ಷರದ ಗುರುತು, ಮತ್ತೊಂದು ವ: ಕಂಪ್ಯೂಟರಿನ ಲೆಕ್ಕದಾಗ ಗಂಗವ್ವ ಅಂದ್ರ ಆರು ಅಕ್ಷರ. ನೀಲವ್ವನೂ ಆರು. ಎಸ್‌ಕ್ಯುಎಲ್ ಸರ್ವರ್ ಅನ್ನೋ ಡೇಟಾಬೇಸಿನ್ಯಾಗ ಹೆಸರು ಹಾಕುವಾಗ, ಹುಡುಕುವಾಗ, ಉದ್ಧರಣ ಚಿಹ್ನೆದ ಮುಂದ ‘ಎನ್’ ಅಂತ ಒಂದಕ್ಷರ ಬರೀಬೇಕು. ಬರೀಲಿಲ್ಲಂದ್ರ ಅದು ಹೆಸರನ್ನ ಹಳೇ ಅಕ್ಷರಪಟ್ಟಿಗೆ ತುರುಕತದ. ಅದರಾಗ ಕನ್ನಡ ಇಲ್ಲ. ಒಂದೊಂದು ಅಕ್ಷರಕ್ಕ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕೂಡತದ. ಕಾಲಮ್ಮೂ ‘ಎನ್‌ವಾರ್‌ಚಾರ್’ ಇರಬೇಕು. ಮೈಎಸ್‌ಕ್ಯುಎಲ್ ಆದ್ರ ಕೋಷ್ಟಕಕ್ಕೂ ಸಂಪರ್ಕಕ್ಕೂ ‘ಯುಟಿಎಫ್8ಎಂಬಿ4’ ಅಂತ ಹೇಳಬೇಕು. ಇಷ್ಟ ಕೆಲಸ!

ಜೋಳ ಬೀಸಿ ಹಿಟ್ಟಾದಮ್ಯಾಲೆ ತಿರುಗಿ ಕಾಳು ಆಗತದೇನು? ಪ್ರಶ್ನಾರ್ಥಕ ಆದ ಹೆಸರೂ ಹಂಗ, ತಿರುಗಿ ಬರಂಗಿಲ್ಲ. ನಮ್ಮ ಕೈಬರಹದ ವಹಿ ಇತ್ತು, ಬಚಾವಾದ್ವಿ.

ಕನ್ನಡಕ್ಕ ಯೂನಿಕೋಡಿನ್ಯಾಗ 1991ರಿಂದ ಸ್ವಂತ ಜಾಗಾ ಅದ, 128 ಮನಿ. ತಪ್ಪು ಭಾಷಾದ್ದಲ್ಲ, ಬರದವರದು. “ಕನ್ನಡ ಭಾಳ ಜಾಗಾ ತಿಂತದ” ಅಂತ ಇನ್ನೊಂದು ನೆವ ಹೇಳತಾರ. ಎನ್‌ವಾರ್‌ಚಾರಿನ್ಯಾಗ ಗಂಗವ್ವ ತಿನ್ನೋದು 12 ಬೈಟ್. ನೀವು ದಿನಾ ಮುಂಜಾನೆ ಕಳಸೋ ಹೂವಿನ ಫೋಟೋ ಒಂದರ ಜಾಗಾದಾಗ ಇಂಥ ಸಾವಿರಾರು ಹೆಸರು ಕೂಡತಾವ!

ಇಂಗ್ಲಿಷಿನ್ಯಾಗ ಬರದ್ರ ತ್ರಾಸ ತಪ್ಪತದ ಅಂತೀರೇನು? ಒಬ್ಬರು ವಿ ಹಾಕತಾರ, ಒಬ್ಬರು ಡಬ್ಲ್ಯೂ, ಒಬ್ಬರು ಎರಡೆರಡು. ಆಧಾರಿನ್ಯಾಗ ಒಂದು, ಪಾಸ್‌ಬುಕ್ಕಿನ್ಯಾಗ ಇನ್ನೊಂದು. ಆಮ್ಯಾಲೆ “ಹೆಸರು ಹೊಂದಂಗಿಲ್ಲ” ಅಂತ ಅಡ್ಡಾಡಸೋದು ಯಾರನ್ನ? ಗಂಗವ್ವನ್ನ. ಕನ್ನಡದಾಗ ಆಕಿ ತನ್ನ ಹೆಸರು ತಾನ ಓದಿ, ತಪ್ಪಿದ್ರ ಅಲ್ಲೇ ಬೆರಳಿಟ್ಟು ತೋರಸತಾಳ.

ಅದಕ್ಕ ಅಕ್ಕಂದಿರ, ವೈನಿಗಳ, ಹೆಸರು ಬದಲಸಬ್ಯಾಡ್ರಿ. “ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲ” ಅಂದವಂಗ ಒಂದ ಮಾತು ಕೇಳ್ರಿ: “ತಮ್ಮಾ, ಮುಂದ ಎನ್ ಹಾಕೀಯೇನಪಾ?”